ಮೊದಲ ಕಾಫಿ ಡ್ರಿಪ್ಪರ್ ಯಾವುದಿರಲಿ? ಓದುಗರ ಪ್ರಶ್ನೆಗಳಿಗೆ ಉತ್ತರ

ತಳದಲ್ಲಿ ತೂತಿರುವ ಬಟ್ಟಲಿನಂಥ ಡ್ರಿಪ್ಪರ್‌ನಲ್ಲಿ ಸೋಸುವ ಪೇಪರ್ ಇಟ್ಟು, ಅದರೊಳಗೆ ಕಾಫಿಪುಡಿ ಹಾಕಿ, ಬಿಸಿನೀರನ್ನು ಕೈಯಿಂದ ಸುರಿಯುತ್ತ ಬಸಿದುಕೊಳ್ಳುವುದು ಪೋರ್ ಓವರ್ ಕಾಫಿ. ಈ ಬಗ್ಗೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಹಲವು ಪತ್ರಗಳು ಬಂದಿವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಕೂಡಿಸಿ ಉತ್ತರಿಸಿದ್ದೇವೆ. ಹೆಸರು ಪ್ರಕಟಿಸಬೇಡಿ ಎಂದು ಕೆಲವರು ಕೋರಿದ್ದರಿಂದ ಎಲ್ಲರದ್ದೂ ಊರು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ಆನ್‌ಲೈನ್‌ನ್ಯಾಗ ಡ್ರಿಪ್ಪರ್ ನೋಡಾಕ ಹೋದ್ರ ವಿ60, ಕಲಿಟಾ ವೇವ್, ಮೆಲಿಟಾ, ಕ್ಲೆವರ್ ಅಂತ ಸಾಲಾಗಿ ಬರ್ತಾವ. ಇಲ್ಲೀತನಕ ಮನ್ಯಾಗ ಚಹಾ ಬಿಟ್ರ ಇನ್‌ಸ್ಟಂಟ್ ಕಾಫಿ ಅಷ್ಟ. ಸಪೂರ ಮೂತಿ ಕೆಟಲ್ ಸುದ್ದಾ ಇಲ್ಲ. ಮೊದ್ಲ ಯಾವ್ದು ತಗೋಬೇಕ್ರಿ?
— ಬ್ಯಾಂಕ್ ಉದ್ಯೋಗಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಕೆಟಲ್ ಇಲ್ಲ ಎಂದಿದ್ದೀರಲ್ಲ, ಆಯ್ಕೆ ಅಲ್ಲಿಂದಲೇ ಶುರುವಾಗಬೇಕು. ನಿಮಗೆ ಕ್ಲೆವರ್ ಮಾದರಿಯ ಡ್ರಿಪ್ಪರ್ ಸರಿ. ಅದರ ತಳದಲ್ಲಿ ಒಂದು ಮುಚ್ಚಳದಂಥ ಕವಾಟ ಇರುತ್ತದೆ. ಕಟ್ಟೆಯ ಮೇಲೆ ಇಟ್ಟಾಗ ಮುಚ್ಚಿಕೊಂಡಿರುತ್ತದೆ, ಕಪ್ಪಿನ ಬಾಯಿಯ ಮೇಲೆ ಕೂರಿಸಿದಾಗ ಒತ್ತಡಕ್ಕೆ ತೆರೆದುಕೊಂಡು ಕಾಫಿ ಇಳಿಯುತ್ತದೆ. ಪುಡಿ ನೀರಿನಲ್ಲಿ ನೆನೆದೇ ಸಾರ ಬಿಡುವುದರಿಂದ ನೀರನ್ನು ಹೇಗೆ ಸುರಿದಿರಿ ಎಂಬುದಕ್ಕೆ ಹೆಚ್ಚು ಬೆಲೆಯಿಲ್ಲ. ಚಹಾ ಕಾಸುವ ಪಾತ್ರೆಯಿಂದಲೇ ಸುರಿಯಬಹುದು. 15 ಗ್ರಾಂ ಪುಡಿಗೆ 240 ಗ್ರಾಂ ನೀರು. ಮೊದಲು ನೀರು ಹಾಕಿ, ಆಮೇಲೆ ಪುಡಿ ಹಾಕಿ, ಮೇಲೆ ತೇಲುವ ಪುಡಿಯನ್ನು ಚಮಚದಿಂದ ಮೆಲ್ಲಗೆ ಒತ್ತಿ ತೋಯಿಸಿ, ಮುಚ್ಚಿ, ಎರಡೂವರೆ ನಿಮಿಷ ಬಿಡಿ. ಕಪ್ಪಿನ ಮೇಲೆ ಇಟ್ಟರೆ ಸುಮಾರು ಒಂದು ನಿಮಿಷದಲ್ಲಿ ಇಳಿಯುತ್ತದೆ. ಪುಡಿ ಮೊದಲು ಹಾಕಿ ಮೇಲಿಂದ ನೀರು ಸುರಿದರೆ ನುಣುಪು ಕಣಗಳು ಪೇಪರಿನ ತಳಕ್ಕೆ ಅಂಟಿಕೊಂಡು ಇಳಿಯುವುದು ತಡವಾಗುತ್ತದೆ. ಅದಕ್ಕೇ ಈ ಕ್ರಮ. ಕೊಳ್ಳುವ ಮುನ್ನ ಒಂದು ಅಳತೆ ನೋಡಿಕೊಳ್ಳಿ: ನಿಮ್ಮ ಕಪ್ಪಿನ ಬಾಯಿ ಡ್ರಿಪ್ಪರ್ ತಳದ ಅಂಚಿನ ಒಳಗೆ ಬರಬೇಕು. ತೀರಾ ಅಗಲ ಬಾಯಿಯ ಮಗ್ ಇದ್ದರೆ ಕವಾಟ ತೆರೆಯುವುದೇ ಇಲ್ಲ.

ಉಳಿದವುಗಳ ಸ್ವಭಾವವನ್ನೂ ಹೇಳುತ್ತೇವೆ. ಜಪಾನಿನ ಹಾರಿಯೋ ಕಂಪನಿಯ ವಿ60ರಲ್ಲಿ 60 ಡಿಗ್ರಿ ಕೋನದ ಶಂಕು, ಒಳಗೆ ಸುರುಳಿ ಏಣುಗಳು, ತಳದಲ್ಲಿ ಒಂದೇ ದೊಡ್ಡ ತೂತು. ಆ ತೂತು ನೀರನ್ನು ತಡೆಯುವುದೇ ಇಲ್ಲ. ಎಷ್ಟು ಹೊತ್ತಿಗೆ ಇಳಿಯಬೇಕು ಎಂಬುದನ್ನು ಪುಡಿಯ ಗಾತ್ರ ಮತ್ತು ನಿಮ್ಮ ಕೈ ನಿರ್ಧರಿಸುತ್ತವೆ. ಆದ್ದರಿಂದ ಕೈ ಪಳಗಿದವರಿಗೆ ಅದರಷ್ಟು ಸ್ವಾತಂತ್ರ್ಯ ಕೊಡುವ ಡ್ರಿಪ್ಪರ್ ಇನ್ನೊಂದಿಲ್ಲ, ಪಳಗದವರಿಗೆ ಇಂದಿನ ಕಾಫಿಯಂತೆ ನಾಳೆಯದು ಆಗುವುದಿಲ್ಲ. ಕಲಿಟಾ ವೇವ್‌ಗೆ ಚಪ್ಪಟೆ ತಳ, ಮೂರು ಸಣ್ಣ ತೂತು, ನೆರಿಗೆ ನೆರಿಗೆಯ ಪೇಪರ್. ಪುಡಿ ಎಲ್ಲ ಕಡೆ ಒಂದೇ ಮಟ್ಟದಲ್ಲಿ ಕೂರುತ್ತದೆ, ತೂತು ಚಿಕ್ಕದಾದ್ದರಿಂದ ಕೈ ಸ್ವಲ್ಪ ತಪ್ಪಿದರೂ ಕಾಫಿ ಕೆಡುವುದಿಲ್ಲ. ಆದರೆ ಅದರ ಪೇಪರ್ ದುಬಾರಿ, ಬೇಕಾದಾಗ ಸಿಗುವುದೂ ಕಷ್ಟ. ಮೆಲಿಟಾ ಎಲ್ಲಕ್ಕಿಂತ ಹಳೆಯದು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿ ಮಗನ ನೋಟುಬುಕ್ಕಿನ ಶಾಯಿ ಹೀರುವ ಕಾಗದ ಬಳಸಿ ಕಾಫಿ ಸೋಸಿ, 1908ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು. ಬೆಣೆಯಾಕಾರದ ಈ ಡ್ರಿಪ್ಪರ್‌ನ ಪೇಪರ್ ಅಗ್ಗ. ಕ್ಲೆವರ್‌ಗೂ ಇದೇ ಆಕಾರದ ಪೇಪರ್: ಚಿಕ್ಕದಕ್ಕೆ 2ನೇ ನಂಬರ್, ದೊಡ್ಡದಕ್ಕೆ 4ನೇ ನಂಬರ್.

ಪೇಪರಿನ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ದಿನಕ್ಕೆ ಎರಡು ಸಲ ಮಾಡಿದರೆ ನೂರರ ಪೊಟ್ಟಣ 50 ದಿನಕ್ಕೆ ಖಾಲಿ. ನಮ್ಮ ಕಡೆ ಕಿರಾಣಿ ಅಂಗಡಿಯಲ್ಲಿ ಸಿಗುವ ವಸ್ತು ಅದಲ್ಲ, ತರಿಸಿಕೊಳ್ಳಬೇಕು. ಡ್ರಿಪ್ಪರ್ ಆರ್ಡರ್ ಮಾಡುವ ಮೊದಲು ಅದರ ಪೇಪರ್ ಯಾವ ನಂಬರಿನದು, ಎರಡು ಮೂರು ಕಡೆಯಾದರೂ ಸಿಗುತ್ತದೆಯೇ, ಬೆಲೆ ಎಷ್ಟು ಎಂದು ನೋಡಿ. ಮುಂದೆ ಸಪೂರ ಮೂತಿಯ ಕೆಟಲ್ ಕೊಂಡಾಗ ಪ್ಲಾಸ್ಟಿಕ್ ವಿ60, 02 ಸೈಜು ತೆಗೆದುಕೊಳ್ಳಿ. 01 ಸೈಜು ಒಬ್ಬರಿಗೆ ಸಾಕು, ಆದರೆ ಮನೆಗೆ ಯಾರಾದರೂ ಬಂದರೆ ಸಾಲದು. 02ರಲ್ಲಿ 15 ಗ್ರಾಮೂ ಆಗುತ್ತದೆ, 30 ಗ್ರಾಮೂ ಆಗುತ್ತದೆ.

ಪ್ರಶ್ನೆ: ಸೆರಾಮಿಕ್, ಗಾಜು, ಪ್ಲಾಸ್ಟಿಕ್ — ಯಾವುದು ಉತ್ತಮ? ಪ್ಲಾಸ್ಟಿಕ್‌ಗೆ ಕುದಿನೀರು ಹಾಕಲು ಮನಸ್ಸು ಒಪ್ಪುವುದಿಲ್ಲ.
— ನಿವೃತ್ತ ಶಿಕ್ಷಕಿ, ಮಾಳಮಡ್ಡಿ, ಧಾರವಾಡ

ಉತ್ತರ: ರುಚಿಯ ದೃಷ್ಟಿಯಿಂದ ಪ್ಲಾಸ್ಟಿಕ್ ಮುಂದು. ಅದು ತೆಳು, ಹಗುರ, ತಾನು ಶಾಖ ಕುಡಿಯುವುದು ಕಡಿಮೆ. ಸೆರಾಮಿಕ್ ದಪ್ಪ, ತಣ್ಣಗಿದ್ದರೆ ಮೊದಲು ಸುರಿದ ನೀರಿನ ಬಿಸಿಯನ್ನೆಲ್ಲ ಹೀರಿಬಿಡುತ್ತದೆ, ಕಾಫಿ ಹುಳಿಯಾಗಿ ತೆಳ್ಳಗಾಗುತ್ತದೆ. ಡಿಸೆಂಬರ್‌ನ ಧಾರವಾಡದ ಬೆಳಗಿನಲ್ಲಿ ಇದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಡ್ರಿಪ್ಪರ್‌ನ ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿ ಇದ್ದರೆ ಅದು ಪಾಲಿಪ್ರೊಪಿಲೀನ್. ಕುದಿನೀರಿಗೆ ಮೆತ್ತಗಾಗುವುದಿಲ್ಲ, ಅದರ ತಯಾರಿಕೆಯಲ್ಲಿ ಆರೋಗ್ಯದ ಆತಂಕ ಹುಟ್ಟಿಸಿದ ಬಿಸ್ಫಿನಾಲ್ ಎಂಬ ರಾಸಾಯನಿಕ ಬಳಸುವುದಿಲ್ಲ. 7 ಎಂದಿದ್ದರೆ ಅದು ‘ಇತರೆ’ ಎಂಬ ಗುಂಪು, ಯಾವ ಪ್ಲಾಸ್ಟಿಕ್ ಎಂದು ಕೇಳಿ ಕೊಳ್ಳಿ. ಇಷ್ಟಾದರೂ ಮನಸ್ಸು ಒಪ್ಪದಿದ್ದರೆ ಸೆರಾಮಿಕ್ ಕೊಳ್ಳಿ. ಪ್ರತಿ ಸಲ ಕುದಿನೀರು ತುಂಬಿದ ಪಾತ್ರೆಯಲ್ಲಿ ಒಂದು ನಿಮಿಷ ಮುಳುಗಿಸಿಟ್ಟು ಬಳಸಿ. ಪೇಪರ್ ತೊಳೆಯುವ ನೀರಷ್ಟರಿಂದ ಅದು ಬಿಸಿಯಾಗದು.

ಪ್ರಶ್ನೆ: ರೂಮಿನಲ್ಲಿದ್ದು ಪರೀಕ್ಷೆಗೆ ಓದುತ್ತಿದ್ದೇನೆ. ಪ್ರತಿ ಸಲ ಪೇಪರ್ ಖರ್ಚು ಭಾರ. ಪೇಪರ್ ಬೇಡದ ಸ್ಟೀಲ್ ಜಾಳಿಗೆಯ ಡ್ರಿಪ್ಪರ್ ಅಥವಾ ಬಟ್ಟೆ ನಡೆಯುತ್ತದೆಯೇ?
— ಸಪ್ತಾಪುರ, ಧಾರವಾಡ

ಉತ್ತರ: ಎರಡೂ ನಡೆಯುತ್ತವೆ, ಕಾಫಿ ಬೇರೆಯಾಗುತ್ತದೆ. ಜಾಳಿಗೆ ಕಾಫಿಯ ಎಣ್ಣೆಯನ್ನೂ ನುಣುಪು ಪುಡಿಯನ್ನೂ ತಡೆಯುವುದಿಲ್ಲ. ಕಾಫಿ ಮಬ್ಬಾಗಿ, ನಾಲಗೆಗೆ ದಪ್ಪವಾಗಿ ಬರುತ್ತದೆ, ತಳದಲ್ಲಿ ಗಸಿ ಉಳಿಯುತ್ತದೆ. ಆ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಂಬ ಅಂಶ ರಕ್ತದ ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚಿಸುತ್ತದೆ, ಪೇಪರ್ ಅದನ್ನು ಬಹುಪಾಲು ಹಿಡಿದಿಡುತ್ತದೆ. ದಿನಕ್ಕೆ ನಾಲ್ಕೈದು ಕಪ್ ಕುಡಿಯುತ್ತ ಓದುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜಾಳಿಗೆಯ ಕಣ್ಣುಗಳಲ್ಲಿ ಎಣ್ಣೆ ಕಟ್ಟಿ ವಾಸನೆ ಬರುತ್ತದೆ. ವಾರಕ್ಕೊಮ್ಮೆ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ನೆನೆಸಿ, ಮೃದು ಬ್ರಷ್‌ನಿಂದ ಉಜ್ಜಬೇಕು.

ಬಟ್ಟೆಯೇ ಅಗ್ಗ, ಜಾಳಿಗೆಗಿಂತ ತಿಳಿಯಾಗಿಯೂ ಸೋಸುತ್ತದೆ. ಬಣ್ಣ ಹಾಕದ ಹತ್ತಿಬಟ್ಟೆ ತೆಗೆದುಕೊಂಡು ಮೊದಲು ಹತ್ತು ನಿಮಿಷ ಕುದಿಸಿ ಗಂಜಿ ಬಿಡಿಸಿ. ಸೋಪು ಮುಟ್ಟಿಸಬೇಡಿ, ಆ ವಾಸನೆ ಹೋಗುವುದಿಲ್ಲ. ಬಳಸಿದ ಕೂಡಲೇ ತೊಳೆದು, ನೀರಿರುವ ಡಬ್ಬಿಯಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಡಬೇಕು. ಒಣಗಿದರೆ ಉಳಿದ ಎಣ್ಣೆ ಕಮಟಾಗುತ್ತದೆ. ರೂಮಿನಲ್ಲಿ ಫ್ರಿಜ್ ಇಲ್ಲದಿದ್ದರೆ ಬಟ್ಟೆಯ ಗೊಡವೆ ಬೇಡ. ಅಂಥವರಿಗೆ ನಮ್ಮ ಸಲಹೆ: ಪ್ಲಾಸ್ಟಿಕ್ ಮೆಲಿಟಾ ಮಾದರಿ, ಅಗ್ಗದ ಬೆಣೆಯಾಕಾರದ ಪೇಪರ್. ಪೇಪರ್ ತೊಳೆದು ಎರಡನೇ ಸಲ ಬಳಸಬೇಡಿ, ಅದರ ಕಣ್ಣುಗಳು ಮುಚ್ಚಿಹೋಗಿರುತ್ತವೆ.

ಪ್ರಶ್ನೆ: ಗ್ರೈಂಡರ್ ಇಲ್ಲ. ಕಾಫಿಬೀಜ ಮಿಕ್ಸರ್‌ನ್ಯಾಗ ಮಾಡ್ಬಹುದೋ, ಇಲ್ಲಾ ಗಿರಣಿಗೆ ಕೊಡ್ಬಹುದೋ?
— ಬ್ಯಾಡಗಿ

ಉತ್ತರ: ಗಿರಣಿ ಬೇಡವೇ ಬೇಡ. ಮೆಣಸಿನಕಾಯಿ ಬೀಸಿದ ಕಲ್ಲಿನಲ್ಲಿ ಖಾರದ ಘಾಟು ಕೂತಿರುತ್ತದೆ, ಕಾಫಿಯಷ್ಟು ಬೇಗ ಪರಿಮಳ ಹೀರುವ ವಸ್ತು ಕಡಿಮೆ. ಗಿರಣಿಯಲ್ಲಿ ಪುಡಿ ಬಿಸಿಯಾಗಿ, ಹಿಟ್ಟಿನಷ್ಟು ನುಣ್ಣಗೂ ಆಗುತ್ತದೆ.

ಮಿಕ್ಸರ್‌ನಲ್ಲಿ ಮಾಡಬಹುದು, ಜಾರ್ ಮಸಾಲೆಗೆ ಬಳಸದ್ದಾಗಿರಬೇಕು. ಮಿಕ್ಸರ್ ಅಲಗು ಬೀಜವನ್ನು ಬೀಸುವುದಿಲ್ಲ, ಒಡೆಯುತ್ತದೆ. ಹಾಗಾಗಿ ಒಂದೇ ಜಾರ್‌ನಲ್ಲಿ ದೊಡ್ಡ ಚೂರೂ ಇರುತ್ತದೆ, ದೂಳೂ ಇರುತ್ತದೆ. ದೊಡ್ಡ ಚೂರು ಸಾರ ಬಿಡದೆ ಹುಳಿ ಕೊಡುತ್ತದೆ, ದೂಳು ಅತಿಯಾಗಿ ಸಾರ ಬಿಟ್ಟು ಕಹಿ ಕೊಡುತ್ತದೆ, ಜೊತೆಗೆ ಪೇಪರನ್ನೂ ಕಟ್ಟಿಸುತ್ತದೆ. ಒಂದೇ ಕಪ್ಪಿನಲ್ಲಿ ಹುಳಿ, ಕಹಿ ಎರಡೂ ಬಂದರೆ ತಪ್ಪು ಡ್ರಿಪ್ಪರ್‌ನದಲ್ಲ, ಪುಡಿಯದು.

ತಾತ್ಕಾಲಿಕ ದಾರಿ ಹೀಗೆ: ಚಿಕ್ಕ ಜಾರ್‌ಗೆ 30 ಗ್ರಾಂ ಬೀಜ ಹಾಕಿ. ಎರಡು ಸೆಕೆಂಡ್ ತಿರುಗಿಸಿ ನಿಲ್ಲಿಸಿ, ಜಾರ್ ಅಲುಗಾಡಿಸಿ, ಮತ್ತೆ ಎರಡು ಸೆಕೆಂಡ್. ಎಡೆಬಿಡದೆ ತಿರುಗಿಸಿದರೆ ಪುಡಿ ಬಿಸಿಯಾಗಿ ಪರಿಮಳ ಅಡುಗೆಮನೆಗೆ ಹೋಗುತ್ತದೆ. ಉಪ್ಪಿಟ್ಟಿನ ರವೆಯಷ್ಟು ಆದಾಗ ನಿಲ್ಲಿಸಿ. ಚಿರೋಟಿ ರವೆಯಷ್ಟಾದರೆ ನುಣ್ಣಗಾಯಿತು. ಮೈದಾ ಜರಡಿ ಹಿಡಿದು ದೂಳು ಬೇರೆ ಮಾಡಿ. ಆ ದೂಳನ್ನು ಎಸೆಯಬೇಕಿಲ್ಲ, ಹಾಲಿನ ಕಾಫಿಯ ಡಿಕಾಕ್ಷನ್‌ಗೆ ಆಗುತ್ತದೆ. ಜರಡಿ ಹಿಡಿದ ಮೇಲೆ 15 ಗ್ರಾಂ ತೂಗಿ.

ದುಡ್ಡು ಕೂಡಿಸುತ್ತಿದ್ದರೆ ಮೊದಲು ಕೊಳ್ಳಬೇಕಾದದ್ದು ಕೈಯಿಂದ ತಿರುಗಿಸುವ ಬರ್ ಗ್ರೈಂಡರ್. ಎರಡು ಹಲ್ಲುಚಕ್ರಗಳ (ಬರ್) ನಡುವಿನ ಅಂತರವೇ ಪುಡಿಯ ಗಾತ್ರ ನಿರ್ಧರಿಸುವುದರಿಂದ ಕಣಗಳು ಹತ್ತಿರ ಹತ್ತಿರ ಒಂದೇ ಸಮ ಬರುತ್ತವೆ. ಸ್ಟೀಲ್ ಬರ್ ಇರುವುದನ್ನು ಆರಿಸಿ, ಚಕ್ರ ತಿರುಗಿಸುವ ನಡುವಿನ ಕಡ್ಡಿ ಅಲುಗಾಡದಂತೆ ಮೇಲೆ ಕೆಳಗೆ ಎರಡೂ ಕಡೆ ಬೇರಿಂಗ್ ಇದೆಯೇ ನೋಡಿ. ಡ್ರಿಪ್ಪರ್ ಬದಲಿಸಿದರೆ ಕಾಫಿಯಲ್ಲಿ ಆಗುವ ವ್ಯತ್ಯಾಸ ಸಣ್ಣದು, ಗ್ರೈಂಡರ್ ಬದಲಿಸಿದರೆ ಆಗುವುದು ದೊಡ್ಡದು. ಬರ್ ಗ್ರೈಂಡರ್ ಸ್ವಚ್ಛ ಮಾಡಲು ಅಕ್ಕಿ ಹಾಕಬೇಡಿ, ಬ್ರಷ್ ಸಾಕು.

ಪ್ರಶ್ನೆ: ಮಗ ಬೆಂಗಳೂರಿಂದ ಬರುವಾಗ ವಿ60 ತಂದುಕೊಟ್ಟಾನ್ರಿ. ಮನ್ಯಾಗಿನ ಫಿಲ್ಟರ್ ಕಾಫಿಪುಡಿ ಹಾಕಿದ್ರ ನೀರು ಇಳಿಯೂದ ಇಲ್ಲ, ಹತ್ತು ನಿಮಿಷ ನಿಂತುಬಿಡ್ತದ. ಇಳಿದಿದ್ದಕ್ಕ ಹಾಲು ಹಾಕಿದ್ರ ಕಲಗಚ್ಚಿನಂಗ ಆಗ್ತದ. ಏನು ತಪ್ಪಾಗೇದ?
— ಗೃಹಿಣಿ, ರಾಣೆಬೆನ್ನೂರು

ಉತ್ತರ: ನಿಮ್ಮ ಕೈಯಿಂದ ಏನೂ ತಪ್ಪಾಗಿಲ್ಲ ಅಕ್ಕಾ, ಪುಡಿ ಈ ಡ್ರಿಪ್ಪರ್‌ಗೆ ಹೊಂದುವುದಲ್ಲ. ಪೊಟ್ಟಣದ ಮೇಲೆ ಕಾಫಿ ಇಷ್ಟು, ಚಿಕೋರಿ ಇಷ್ಟು ಎಂದು ಶೇಕಡಾ ಲೆಕ್ಕ ಅಚ್ಚಾಗಿರುತ್ತದೆ, ನೋಡಿ. ಚಿಕೋರಿ ಒಂದು ಬೇರು. ಹುರಿದು ಪುಡಿ ಮಾಡಿದ ಅದು ನೀರು ಬಿದ್ದೊಡನೆ ಮೆತ್ತಗಾಗಿ ಅಂಟಾಗುತ್ತದೆ. ಸ್ಟೀಲ್ ಫಿಲ್ಟರ್‌ನ ತೂತುಗಳಲ್ಲಿ ಅದು ಅನುಕೂಲ. ನೀರು ನಿಧಾನಕ್ಕೆ ಇಳಿದು ಡಿಕಾಕ್ಷನ್ ಗಟ್ಟಿಯಾಗುತ್ತದೆ. ಪೇಪರಿನ ಸೂಕ್ಷ್ಮ ಕಣ್ಣುಗಳಿಗೆ ಅದೇ ಲೇಪ ಹಿಡಿದಂತಾಗುತ್ತದೆ. ಫಿಲ್ಟರ್ ಪುಡಿ ನುಣ್ಣಗೂ ಇರುವುದರಿಂದ ತೊಂದರೆ ಇಮ್ಮಡಿ.

ಹಾಲಿನ ಮಾತು. ಪೋರ್ ಓವರ್‌ನಲ್ಲಿ ಕಾಫಿಯ ಸಾರ ನೂರಕ್ಕೆ ಒಂದೂಕಾಲು ಭಾಗದಷ್ಟು ಮಾತ್ರ, ಉಳಿದದ್ದು ನೀರು. ಕಪ್ಪು ಕಾಫಿಯಾಗಿ ಕುಡಿಯಲಿಕ್ಕೆಂದೇ ಅದು ಹಾಗಿದೆ. ಅರ್ಧ ಹಾಲು ಬೆರೆಸಿದರೆ ತೆಳ್ಳಗಾಗದೆ ಇನ್ನೇನಾದೀತು? ಹಾಲು-ಸಕ್ಕರೆಯ ಕಾಫಿಗೆ ನಿಮ್ಮ ಹಳೆಯ ಫಿಲ್ಟರ್ರೇ ಸರಿ, ಅದನ್ನು ಕೆಳಗಿಡಬೇಡಿ. ಮಗ ತಂದ ಡ್ರಿಪ್ಪರ್‌ಗೆ ಚಿಕೋರಿ ಇಲ್ಲದ, ಮಧ್ಯಮ ಹುರಿತದ ಅರೇಬಿಕಾ ಬೀಜ ತರಿಸಿ. ಚಿಕ್ಕಮಗಳೂರು, ಕೊಡಗಿನ ತೋಟಗಳಲ್ಲಿ ಹೆಚ್ಚು ಕಾಣುವ ಎಸ್.795 ತಳಿ ಶುರುವಿಗೆ ಒಳ್ಳೆಯದು. ಹುಳಿ ಹದವಾಗಿರುತ್ತದೆ, ನಾಲಗೆಗೆ ತುಂಬಿದಂತಿರುತ್ತದೆ. ಹುರಿದ ತಾರೀಕು ಮುದ್ರಿಸಿದ ಪೊಟ್ಟಣವನ್ನೇ ಕೊಳ್ಳಿ. ಹುರಿದು ಒಂದು ವಾರವಾದ ಮೇಲೆ ಶುರು ಮಾಡಿ, ಒಂದೂವರೆ ತಿಂಗಳೊಳಗೆ ಮುಗಿಸಿ. ಒಲೆಯ ಪಕ್ಕದ ಕಪಾಟಿನಲ್ಲಿ ಇಡಬೇಡಿ.

ಪ್ರಶ್ನೆ: ನಮ್ಮಲ್ಲಿ ಬೋರ್‌ವೆಲ್ ನೀರು ಗಡಸು. ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನ್ ತರುತ್ತೇವೆ. ಎರಡರಲ್ಲೂ ಕಾಫಿ ಸಪ್ಪೆ. ಏಕೆ?
— ಗದಗ ತಾಲ್ಲೂಕು

ಉತ್ತರ: ಎರಡೂ ಸಪ್ಪೆ, ಕಾರಣ ಮಾತ್ರ ಬೇರೆ ಬೇರೆ. ಗಡಸು ನೀರಿನಲ್ಲಿರುವ ಬೈಕಾರ್ಬನೇಟ್ ಕಾಫಿಯ ಹುಳಿಯನ್ನು ಕೊಂದುಹಾಕುತ್ತದೆ, ಸುಣ್ಣದ ಛಾಯೆ ಉಳಿಯುತ್ತದೆ. ಘಟಕದ ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಸ್ವಲ್ಪವಾದರೂ ಇದ್ದರೆ ಪುಡಿಯಿಂದ ರುಚಿ ಚೆನ್ನಾಗಿ ಇಳಿಯುತ್ತದೆ.

ನೀರಿನಲ್ಲಿ ಕರಗಿದ ಲವಣ ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ತೋರಿಸುವ ಟಿಡಿಎಸ್ ಮೀಟರ್ ಅಗ್ಗದ್ದೇ ಸಾಕು. ಕಾಫಿಗೆ 75ರಿಂದ 250ರ ನಡುವೆ ಇರಲಿ, 150ರ ಹತ್ತಿರ ಇದ್ದರೆ ಉತ್ತಮ. ನೀರು ಬೆರೆಸಿ ಅದಕ್ಕೆ ತರಬಹುದು. ಉದಾಹರಣೆಗೆ ಆರ್‌ಒ ನೀರು 30, ನಲ್ಲಿ ನೀರು 600 ಇದ್ದರೆ, ನಾಲ್ಕು ಲೋಟ ಆರ್‌ಒಗೆ ಒಂದು ಲೋಟ ನಲ್ಲಿ ನೀರು ಸೇರಿಸಿದಾಗ 144 ಬರುತ್ತದೆ.

ಆದರೆ ಇಲ್ಲಿ ಎಚ್ಚರ ಬೇಕು. ಗದಗ ಜಿಲ್ಲೆಯ ಎಷ್ಟೋ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ. ಟಿಡಿಎಸ್ ಮೀಟರ್ ಫ್ಲೋರೈಡನ್ನು ತೋರಿಸುವುದಿಲ್ಲ, ಕುದಿಸಿದರೆ ಅದು ಹೋಗುವುದೂ ಇಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಪರೀಕ್ಷೆ ಮಾಡಿಸದ ಬೋರ್‌ವೆಲ್ ನೀರನ್ನು ರುಚಿಗೆಂದು ಒಂದು ಲೋಟವೂ ಬೆರೆಸಬೇಡಿ. ತುಂಗಭದ್ರೆಯ ನಲ್ಲಿ ನೀರು ಬರುವ ದಿನ ಒಂದು ಕೊಡ ಹಿಡಿದಿಟ್ಟು, ಕುದಿಸಿ ಸೋಸಿ ಅದನ್ನು ಬೆರೆಸಿ. ಅದೂ ಸಿಗದಿದ್ದರೆ ಆರ್‌ಒ ನೀರಿನಲ್ಲೇ ಮಾಡಿ, ಪುಡಿಯನ್ನು 15ರ ಬದಲು 16 ಗ್ರಾಂ ಹಾಕಿ. ರುಚಿಗಿಂತ ಹಲ್ಲು, ಮೂಳೆ ಮುಖ್ಯ.

ಪ್ರಶ್ನೆ: ವಿ60, ಸಪೂರ ಮೂತಿಯ ಕೆಟಲ್, ಕೈ ಗ್ರೈಂಡರ್, ತಕ್ಕಡಿ ಎಲ್ಲವೂ ಇವೆ. ವೀಡಿಯೊದಲ್ಲಿ ಹೇಳಿದಂತೆ ನೀರನ್ನು 92 ಡಿಗ್ರಿಗೆ ಆರಿಸಿ ಹಾಕುತ್ತೇನೆ. ಒಂದು ನಿಮಿಷ ನಲವತ್ತು ಸೆಕೆಂಡಿಗೆ ಎಲ್ಲ ಇಳಿದುಬಿಡುತ್ತದೆ, ಕಾಫಿ ಹುಳಿ. ಡ್ರಿಪ್ಪರ್ ಬದಲಿಸಬೇಕೇ?
— ನವನಗರ, ಹುಬ್ಬಳ್ಳಿ

ಉತ್ತರ: ಬದಲಿಸಬೇಕಿಲ್ಲ. 1:40ಕ್ಕೆ ಇಳಿಯುತ್ತಿದೆ ಎಂದರೆ ಪುಡಿ ದಪ್ಪವಾಯಿತು. ನೀರಿಗೆ ಸಾರ ತೆಗೆಯಲು ಸಮಯವೇ ಸಿಗುತ್ತಿಲ್ಲ. ಕಾಫಿಯಿಂದ ಹುಳಿ ಮೊದಲು ಬರುತ್ತದೆ, ಸಿಹಿ ಆಮೇಲೆ, ಕಹಿ ಕೊನೆಗೆ. ನಿಮ್ಮದು ಹುಳಿಯ ಹಂತದಲ್ಲೇ ನಿಂತಿದೆ.

ನೀರು ಆರಿಸುವುದನ್ನೂ ಬಿಡಿ. ಹುಬ್ಬಳ್ಳಿ-ಧಾರವಾಡ ಸಮುದ್ರಮಟ್ಟದಿಂದ 650ರಿಂದ 750 ಮೀಟರ್ ಎತ್ತರದಲ್ಲಿವೆ. ಇಲ್ಲಿ ನೀರು 100 ಡಿಗ್ರಿಗೆ ಬದಲಾಗಿ ಸುಮಾರು 98ಕ್ಕೇ ಕುದಿಯುತ್ತದೆ. ಕೆಟಲ್‌ನಿಂದ ಪುಡಿಗೆ ಬೀಳುವಷ್ಟರಲ್ಲಿ ಇನ್ನೂ ಕೆಲವು ಡಿಗ್ರಿ ಇಳಿಯುತ್ತದೆ. ತಿಳಿ ಹುರಿತ, ಮಧ್ಯಮ ಹುರಿತದ ಬೀಜಕ್ಕೆ ಕುದಿ ಬಂದ ನೀರನ್ನು ನೇರವಾಗಿ ಬಳಸಿ. ಕಪ್ಪಗೆ ಹುರಿದದ್ದಕ್ಕೆ ಮಾತ್ರ ಒಂದು ನಿಮಿಷ ಆರಲು ಬಿಡಿ.

ಈ ಕ್ರಮದಲ್ಲಿ ಮಾಡಿ ನೋಡಿ. ಪೇಪರಿನ ಅಂಟಿಸಿದ ಅಂಚನ್ನು ಮಡಚಿ ಡ್ರಿಪ್ಪರ್‌ನಲ್ಲಿ ಕೂರಿಸಿ, ಕುದಿನೀರಿನಿಂದ ತೊಳೆಯಿರಿ. ಕಾಗದದ ವಾಸನೆ ಹೋಗುತ್ತದೆ, ಡ್ರಿಪ್ಪರ್ ಬಿಸಿಯಾಗುತ್ತದೆ. ಕಂದು ಪೇಪರ್ ಆದರೆ ಇನ್ನೂ ಹೆಚ್ಚು ತೊಳೆಯಬೇಕು. ಆ ನೀರು ಚೆಲ್ಲಿ. 15 ಗ್ರಾಂ ಪುಡಿ ಹಾಕಿ, ಮಟ್ಟಸ ಮಾಡಿ, ತಕ್ಕಡಿ ಸೊನ್ನೆಗೆ ತನ್ನಿ. 45 ಗ್ರಾಂ ನೀರು ಸುರಿದು ಡ್ರಿಪ್ಪರ್‌ನ್ನು ಎತ್ತಿ ಎರಡು ಸುತ್ತು ಮೆಲ್ಲಗೆ ತಿರುಗಿಸಿ, ಒಣಪುಡಿ ಎಲ್ಲೂ ಉಳಿಯದಿರಲಿ. ಪುಡಿ ಉಬ್ಬಿ ಗುಳ್ಳೆ ಬರುತ್ತದೆ. ಹುರಿದಾಗ ಸೇರಿಕೊಂಡ ಇಂಗಾಲದ ಡೈ ಆಕ್ಸೈಡ್ ಹೊರಬರುವುದು ಅದು. ಆ ಗಾಳಿ ಹೋಗದೆ ನೀರು ಒಳಹೊಗುವುದಿಲ್ಲ. ಗುಳ್ಳೆಯೇ ಬರದಿದ್ದರೆ ಬೀಜ ಹಳತಾಗಿದೆ. 45ನೇ ಸೆಕೆಂಡಿಗೆ ನಡುವಿನಿಂದ ಹೊರಕ್ಕೆ ಸುತ್ತುತ್ತ 150 ಗ್ರಾಂ ಆಗುವವರೆಗೆ ಸುರಿಯಿರಿ. 1:15ರಿಂದ ಮತ್ತೆ ಸುರಿದು 1:45ರೊಳಗೆ 240ಕ್ಕೆ ಮುಟ್ಟಿಸಿ. ಪೇಪರಿನ ಗೋಡೆಯ ಮೇಲೆ ಸುರಿಯಬೇಡಿ, ಆ ನೀರು ಪುಡಿಯನ್ನು ಮುಟ್ಟದೆ ಪಕ್ಕದಿಂದ ಇಳಿದುಹೋಗುತ್ತದೆ. ಕೊನೆಗೊಮ್ಮೆ ಡ್ರಿಪ್ಪರ್ ಹಗುರಾಗಿ ತಿರುಗಿಸಿ ಬಿಡಿ. 2:45ರಿಂದ 3:15ರೊಳಗೆ ಬರಿದಾಗಬೇಕು. ಪುಡಿ ತನ್ನ ತೂಕದ ಎರಡರಷ್ಟು ನೀರು ಹಿಡಿದುಕೊಳ್ಳುವುದರಿಂದ ಕಪ್ಪಿಗೆ ಸುಮಾರು 210 ಗ್ರಾಂ ಬರುತ್ತದೆ.

ಸಮಯ ಇನ್ನೂ ಎರಡೂವರೆ ನಿಮಿಷಕ್ಕಿಂತ ಕಡಿಮೆ ಇದ್ದರೆ ಗ್ರೈಂಡರ್‌ನ್ನು ಎರಡು ಕ್ಲಿಕ್ ನುಣ್ಣಗೆ ಮಾಡಿ, ಬೇರೆ ಏನನ್ನೂ ಮುಟ್ಟಬೇಡಿ. ನಾಲ್ಕು ನಿಮಿಷ ದಾಟಿ, ನಾಲಗೆ ಒಗರಾದರೆ ಎರಡು ಕ್ಲಿಕ್ ದಪ್ಪ. ಬರಿದಾದ ಮೇಲೆ ಪುಡಿಯ ಹಾಸನ್ನೂ ನೋಡಿ. ಸಮತಟ್ಟಾಗಿದ್ದರೆ ಸರಿ. ನಡುವೆ ಗುಂಡಿ ಬಿದ್ದಿದ್ದರೆ ಒಂದೇ ಕಡೆ ಜೋರಾಗಿ ಸುರಿದಿದ್ದೀರಿ; ಕೆಟಲ್ ಮೂತಿಯನ್ನು ಪುಡಿಗೆ ಹತ್ತಿರ ತಂದು, ನೀರಿನ ಎಳೆ ಸಪೂರ ಮಾಡಿ. ಮೂರು ನಿಮಿಷಕ್ಕೆ ಬಂದ ಮೇಲೂ ಹುಳಿ ಚುಚ್ಚುತ್ತಿದ್ದರೆ ಬೀಜದ ಹುರಿತ ನಿಮಗೆ ತೀರಾ ತಿಳಿಯಾಯಿತು. ಮುಂದಿನ ಸಲ ಅದೇ ತೋಟದ ಮಧ್ಯಮ ಹುರಿತದ ಪೊಟ್ಟಣ ಕೇಳಿ, ಕಾಲು ಕಿಲೋಗಿಂತ ಹೆಚ್ಚು ತರಿಸಬೇಡಿ.